ಹೆಸರಿಲ್ಲದೆ ಬರೆದ ಅಭಿಪ್ರಾಯ

ಮಧುಗಿರಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಭಾರೀ ದೊಡ್ಡ ಟೆಕ್ನಾಲಜಿ ಕಂಪನಿಯೊಂದರ ಕೆಲಸ ಅಲ್ಲಿ ನಡೆಯುತ್ತದೆಂದು ಕೆಳಗಿನ ಅಂಗಡಿಯವರಿಗೂ ಸರಿಯಾಗಿ ಗೊತ್ತಿಲ್ಲ. ಜನ ದೂರು ಕೊಟ್ಟ ವಿಡಿಯೋಗಳನ್ನು ನೋಡಿ, ಇರಬೇಕೋ ತೆಗೆಯಬೇಕೋ ಎಂದು ಗುಂಡಿ ಒತ್ತುವುದು ನಮ್ಮ ಕೆಲಸ. ಹೊಡೆತ, ರಕ್ತ, ಅಳುವ ಮಕ್ಕಳು. ಅದಕ್ಕೆ ಮುಂಚೆ ನಾನು ಸಿರಾದ ಬಟ್ಟೆ ಅಂಗಡಿಯಲ್ಲಿ ಆರು ವರ್ಷ ನಿಂತೇ ದುಡಿದು ಕಾಲಿನ ನರಗಳು ಉಬ್ಬಿಹೋಗಿದ್ದವು. ಮದುವೆಯಾಗಿ ಮಿಡಿಗೇಶಿಗೆ ಬಂದ ಮೇಲೆ ಈ ಕೆಲಸ ಸಿಕ್ಕಿತು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸವೆಂಬುದೇ ನನಗೆ ದೊಡ್ಡದಾಗಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ಪಾವಗಡದ ಹುಡುಗಿ. ತೆಲುಗು ವಿಡಿಯೋಗಳೆಲ್ಲ ಅವಳ ಪಾಲಿಗೆ. ಒಂದು ದಿನ ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತವಳು ತುತ್ತು ಎತ್ತಲೇ ಇಲ್ಲ.

"ಅಕ್ಕಾ, ಅನ್ನ ನೋಡುದ್ರೆ ಆ ಮಗೂನೇ ಕಣ್ಮುಂದೆ ಬರ್ತೈತೆ" ಎಂದಳು. ಯಾವ ಮಗು ಎಂದು ನಾನು ಕೇಳಲಿಲ್ಲ. ನಾವು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಅದೇ ವಾರ ಕಂಪನಿಯಿಂದ ಫಾರಂ ಬಂತು. ಇಲ್ಲಿ ಕೆಲಸ ಮಾಡುವುದರ ಬಗ್ಗೆ ನಿಮ್ಮ ಅಭಿಪ್ರಾಯವೇನು, ಹೆಸರು ಬರೆಯಬೇಕಿಲ್ಲ, ನಿಮ್ಮ ಭಾಷೆಯಲ್ಲೇ ಬರೆಯಬಹುದು ಎಂದಿತ್ತು. ನಾನು ಎಲ್ಲದಕ್ಕೂ ಐದು ಸ್ಟಾರ್ ಒತ್ತಿ ಮುಗಿಸಿದೆ. ಅವಳು ತುಂಬ ಹೊತ್ತು ಟೈಪ್ ಮಾಡುತ್ತಲೇ ಇದ್ದಳು.

"ನಿಜ ಬರ್ದ್‌ಬುಟ್ಟೆ ಅಕ್ಕಾ. ಹೆಸ್ರು ಇಲ್ವಲ್ಲ."

ಎರಡು ದಿನ ಬಿಟ್ಟು ಮೇಲ್ವಿಚಾರಕರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ನಮ್ಮಲ್ಲಿ ಕನ್ನಡ ಚೆನ್ನಾಗಿ ಬಲ್ಲವಳು ನಾನೆಂದು ಅವರಿಗೆ ನಂಬಿಕೆ. ಪರದೆಯ ಮೇಲೆ ಯಾರೋ ತುಂಬಿದ ಫಾರಂನ ಒಂದು ಸಾಲು ತೋರಿಸಿದರು. 'ಮೂರು ತಿಂಗಳಿಂದ ನಿದ್ರ ಪಟ್ಟಲ್ಲ' ಎಂದಿತ್ತು.

"ಏನಮ್ಮಾ ಇದು, ತಪ್ಪು ಟೈಪ್ ಆಗಿದ್ಯಾ?"

"ಇಲ್ಲ ಸರ್, ನಿದ್ದೆ ಬರ್ತಿಲ್ಲ ಅಂತ. ಪಾವಗಡದ ಕಡೆ ಹಿಂಗೇ ಅಂತಾರೆ" ಎಂದೆ, ಗೊತ್ತಿದ್ದುದನ್ನು ಹೇಳುವ ಉಮೇದಿನಲ್ಲಿ, ನಗುತ್ತಾ.

ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಅರ್ಥವಾಯಿತು. ನಮ್ಮ ಆಫೀಸಿನಲ್ಲಿ ಪಾವಗಡದವಳು ಅವಳೊಬ್ಬಳೇ. ಅವರು ತಲೆಯಾಡಿಸಿ, "ಸರಿ, ನೀವು ಹೋಗಿ" ಎಂದರು.

ಶನಿವಾರ ಅವಳ ಲಾಗಿನ್ ತೆರೆಯಲಿಲ್ಲ. ತೆಲುಗು ಕೆಲಸ ಕಡಿಮೆಯಾಗಿದೆ, ನಾಳೆಯಿಂದ ಬರಬೇಡಿ ಎಂದರಂತೆ. ಡಬ್ಬಿಯನ್ನು ಚೀಲಕ್ಕೆ ತುರುಕುತ್ತಾ ಅವಳು ಕೇಳಿದಳು, "ನಾನೇ ಬರ್ದಿದ್ದು ಅಂತ ಹೆಂಗಕ್ಕಾ ಗೊತ್ತಾಯ್ತು ಇವ್ರಿಗೆ?"

"ಯಾರಿಗ್ಗೊತ್ತು ಕಣಮ್ಮ" ಎಂದೆ.

ಮುಂದಿನ ಭಾನುವಾರ ತಡೆಯಲಾರದೆ ಪಾವಗಡಕ್ಕೆ ಹೋದೆ. ಬಸ್ಸಿನುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಅವಳ ತಾಯಿ ಬಾಗಿಲಲ್ಲೇ ನನ್ನ ಕೈ ಹಿಡಿದು, "ಬಾಮ್ಮಾ, ನಿನ್ ವಿಚಾರನೇ ಯೋಳ್ತಿರ್ತಾಳೆ. ಸೊಂತ ಅಕ್ಕನಂಗೆ ನೋಡ್ಕಂಡೆ" ಎಂದರು. ಜೋಡಿಸಿಕೊಂಡ ಮಾತನ್ನು ಬಿಟ್ಟು, ಊಟ ಆಯ್ತಾ ಎಂದು ಕೇಳಿದೆ.

ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಅಕ್ಕಾ, ಸರ್‌ಗೆ ಒಂದ್ಮಾತು ಯೋಳು. ತಪ್ಪಾಯ್ತು. ಈ ಸಲ ಒಳ್ಳೇದೇ ಬರೀತೀನಿ. ಇಲ್ಲಿ ಮನೇಲಿ ಕುಂತ್ರೆ ಅದೇ ವಿಡಿಯೋಗಳು ತಲೇಲಿ ಓಡ್ತವೆ. ಅಲ್ಲಾದ್ರೆ ಒಂದಾದ್ಮೇಲೆ ಇನ್ನೊಂದು ಬಂದು ಹಳೇದು ಮರ್ತೋಗ್ತೈತೆ."

ಸೋಮವಾರ ಮೇಲ್ವಿಚಾರಕರ ಮುಂದೆ ನಿಂತು ಕೇಳಿದೆ. ಕೆಲಸದ ಬಗ್ಗೆ ಅಭಿಪ್ರಾಯ ಹಾಕುವ ವೆಬ್‌ಸೈಟಿನಲ್ಲಿ ಮೊದಲು ಒಳ್ಳೆಯದು ಬರೆಯಲಿ, ಆಮೇಲೆ ನೋಡೋಣ ಎಂದರು. ಅವಳು ಅಂದೇ ಬರೆದಳು. ಇಲ್ಲಿ ಎಲ್ಲರೂ ಒಂದೇ ಮನೆಯವರಂತೆ, ಮನಸ್ಸಿಗೆ ನೆಮ್ಮದಿ ಕೊಡುವ ಕೆಲಸ ಎಂದು, ಐದು ಸ್ಟಾರ್ ಕೊಟ್ಟು. ಕಾಗುಣಿತ ನಾನೇ ಫೋನಿನಲ್ಲಿ ತಿದ್ದಿಕೊಟ್ಟೆ. ಒಂದು ಪದದಲ್ಲೂ ಪಾವಗಡ ಕಾಣದಂತೆ.

ಅವಳನ್ನು ಕರೆಯಲಿಲ್ಲ. ಅವಳ ಕುರ್ಚಿಗೆ ಕೊಳಾಲದಿಂದ ಬೇರೆಯವರು ಬಂದರು. ಸ್ವಲ್ಪ ದಿನ ಅವಳು ಪ್ರತಿ ಸೋಮವಾರ ಫೋನ್ ಮಾಡಿ, "ಸರ್ ಏನಂದ್ರು ಅಕ್ಕಾ?" ಎಂದು ಕೇಳುತ್ತಿದ್ದಳು. ಈ ವಾರ ಕೇಳ್ತೀನಿ ಎನ್ನುತ್ತಿದ್ದೆ. ಆಮೇಲೆ ಅವಳ ಹೆಸರು ಪರದೆಯ ಮೇಲೆ ಕಂಡರೆ ಫೋನನ್ನು ಮಗುಚಿ ಇಡತೊಡಗಿದೆ. ಅದು ಮೇಜಿನ ಮೇಲೆ ಅದುರುತ್ತಾ ಇರುತ್ತಿತ್ತು. ನಾನು ಮುಂದಿನ ವಿಡಿಯೋ ಒತ್ತುತ್ತಿದ್ದೆ.