ಗಂಜಿ ಬಟ್ಟೆ ಮೇಲೆ ಹರಡಿದ ಮಲ್ಲಿಗೆ

ನನ್ನ ಮೂಗಿನ ಬಗ್ಗೆ ನನಗೆ ಮೊದಲಿಂದಲೂ ಜಂಬ. ದೊಡ್ಡಬಳ್ಳಾಪುರದ ನಮ್ಮ ಬೀದೀಲಿ ಯಾರಾದ್ರೂ ಮಲ್ಲಿಗೆ ಮೊಗ್ಗು ತಂದ್ರೆ, ಇವತ್ತು ಕೊಯ್ದಿದ್ದೋ ನಿನ್ನೆದೋ ಅಂತ ನನ್ನ ಮೂಗಿಗೆ ಹಿಡಿದು ಕೇಳ್ಕೊಂಡು ಹೋಗೋರು. ಹೂವಿನೆಣ್ಣೆ ಮಾಡೋದು ನಮ್ಮಮ್ಮ ನನಗೆ ಬಿಟ್ಟುಹೋದ ವಿದ್ಯೆ. ಬಿಳಿ ಎಳ್ಳನ್ನ ಬಟ್ಟೆ ಮೇಲೆ ಹರಡ್ಬೇಕು, ಅದರ ಮೇಲೆ ಮೊಗ್ಗು ಹಾಸ್ಬೇಕು. ಮೊಗ್ಗು ಅರಳಿ, ತನ್ನ ಪರಿಮಳನೆಲ್ಲ ಎಳ್ಳಿಗೆ ಕೊಟ್ಟು ಬಾಡುತ್ತೆ. ಬಾಡಿದ್ದನ್ನ ಆರಿಸಿ ತೆಗೆದು ಹೊಸ ಮೊಗ್ಗು ಹಾಕ್ಬೇಕು. ಎಳ್ಳು ತುಂಬಾ ಮಲ್ಲಿಗೆ ಆಯ್ತು ಅನ್ನಿಸಿದ ಮೇಲೆ ಗಾಣಕ್ಕೆ ಕಳಿಸೋದು.

ಊರಲ್ಲಿ ಒಂದು ಸೀರೆ ಅಂಗಡಿ. ಧಾರೆ ಸೀರೆ ತಗೊಂಡ ಮದುವೆ ಹೆಣ್ಣಿಗೆ ಅಲ್ಲಿ ನನ್ನ ಎಣ್ಣೆಯ ಪುಟ್ಟ ಶೀಷೆ ಒಂದನ್ನ ಕೈಗಿಡೋರು. ಮದುವೆ ಮನೇಲಿ ಹೆಣ್ಣು ಹತ್ರ ಹಾದುಹೋದ್ರೆ ನನ್ನೆಣ್ಣೆ ಗಮ್ ಅನ್ನೋದು, ನಾನು ಸೆರಗು ಸರಿ ಮಾಡ್ಕೊಂಡು ಕೂರ್ತಿದ್ದೆ. ಅಷ್ಟೇ ನನ್ನ ದೊಡ್ಡಸ್ತಿಕೆ, ಆದ್ರೆ ಅದು ನಂದೇ ಆಗಿತ್ತು.

ಹೋದ ವರ್ಷ ಅಂಗಡಿ ಯಜಮಾನರು ತಲೆ ಕೆರ್ಕೊಂಡು ಹೇಳಿದ್ರು. "ಎಣ್ಣೆ ಚೆನ್ನಾಗೇ ಇದೆ ಕಣಮ್ಮ. ಆದ್ರೆ ಈಗಿನ ಹುಡುಗೀರು ಮೂಸಿ, ಓ ಮಲ್ಲಿಗೆ ಅಂದು ಬ್ಯಾಗಿಗೆ ಹಾಕ್ಕೊಂಡುಬಿಡ್ತಾರೆ. ಹೊಸದೇನಾದ್ರೂ ಮಾಡ್ಕೊಡಿ. ಇಲ್ಲಾಂದ್ರೆ ನಾನು ಬೆಂಗಳೂರಿಂದ ತರಿಸ್ಬೇಕಾಗುತ್ತೆ."

ನನ್ನ ಜೊತೆ ಅವತ್ತು ನನ್ನ ಓರಗಿತ್ತಿ ಬಂದಿದ್ದಳು, ನಮ್ಮ ಮೈದುನನ ಹೆಂಡತಿ. ನಲ್ಲೂರಿನ ಕಡೆಯ ಒಕ್ಕಲು ಮನೆ ಹುಡುಗಿ, ಇಬ್ಬರೂ ಮೆಚ್ಚಿ ಮದುವೆಯಾದವರು. ನಾನು ಹುಟ್ಟಿದ್ದೂ ಸೇರಿದ್ದೂ ಮಗ್ಗದ ಮನೆ. ಹಾಸು ಯಾವುದು ಹೊಕ್ಕು ಯಾವುದು ಅಂತ ಅವಳಿಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. "ನಾನೂ ಒಂದು ಮಾಡಿ ನೋಡ್ಲಾ ಅಕ್ಕ?" ಅಂದಳು. ಯಜಮಾನರ ಮುಂದೆ ಬೇಡ ಅನ್ನೋಕಾಗುತ್ತಾ? ಮಾಡು ತಾಯಿ ಅಂದೆ.

ಹೊಸದು ಅಂದ್ರೆ ಇನ್ನಷ್ಟು ಸೇರಿಸೋದು ಅಂತ ನಾನು ತಿಳ್ಕೊಂಡಿದ್ದೆ. ಗಂಧ ಹಾಕಿದೆ, ಏಲಕ್ಕಿ ಹಾಕಿದೆ, ಲವಂಗನೂ ಬಿಡಲಿಲ್ಲ. ಪೂಜೆ ಮನೇಲಿ ಪಾಯಸ ಚೆಲ್ಲಿದಂಗಾಯ್ತು. ಎಲ್ಲ ತೆಗೆದಿಟ್ಟು, ಕೊನೆಗೆ ಮಲ್ಲಿಗೆ ಜೊತೆ ಒಂದಿಷ್ಟು ದವನ ಹಾಕಿ ನಿಲ್ಲಿಸಿದೆ. ಹದವಾಗಿ ಬಂತು.

ಇವಳು ಮಾತ್ರ ಒಂದು ಕೆಲಸ ಮಾಡಿದ್ದಳು. ಮಗ್ಗದಿಂದ ಆಗಷ್ಟೇ ಕೊಯ್ದಿದ್ದ ಹತ್ತಿ ಬಟ್ಟೆ ತಗೊಂಡು, ಒಗೀದೆ ಅದರ ಮೇಲೇ ಎಳ್ಳು, ಮೊಗ್ಗು ಹರಡಿದ್ದಳು. ನೇಯುವಾಗ ನೂಲು ಕಡೀಬಾರದು ಅಂತ ಹಾಸಿನ ಎಳೆಗೆ ಹುಣಸೆ ಬೀಜದ ಹಿಟ್ಟಿನ ಗಂಜಿ ಹಾಕಿರ್ತೀವಿ. ಮಗ್ಗದಿಂದ ಇಳಿದ ಬಟ್ಟೆ ತುಂಬಾ ಆ ಗಂಜೀನೇ. ನಮ್ಮಲ್ಲಿ ಹುಟ್ಟಿದ ಮಗೂಗೂ ಇದು ಗೊತ್ತು. ನಾನಂತೂ ಎಳ್ಳು ಹರಡೋ ಬಟ್ಟೇನ ನೀರು ತಿಳಿಯಾಗೋವರೆಗೂ ಜಾಲಿಸಿ ಜಾಲಿಸಿ ಹಿಂಡೋಳು.

"ಏನೇ ಇದು, ಗಂಜಿ ಬಟ್ಟೆ ಮೇಲೆ ಹರಡಿದ್ದೀಯಾ?" ಅಂದೆ.

"ಹೊಸ ಬಟ್ಟೆ ಅಲ್ವಾ ಅಕ್ಕ, ಚೊಕ್ಕಟವಾಗಿರುತ್ತೆ ಅಂದ್ಕೊಂಡೆ."

ಹೂವಿನ ಪಸೆಗೆ ಗಂಜಿ ನೆನೆದು ಎಳ್ಳಿಗೆ ಮೆತ್ಕೊಂಡಿತ್ತು. ಕೆಟ್ಟೋಯ್ತು, ಬಿಸಾಕು ಅಂದೆ. ಅವಳ ಮುಖ ಸಣ್ಣಗಾಯ್ತು. "ಕಾಳು ಬಿಸಾಕ್ಬಾರ್ದು ಅಕ್ಕ" ಅಂತ ಎಲ್ಲಾನೂ ಬಾಚ್ಕೊಂಡು ಒಣಗಿಸಿ ಗಾಣಕ್ಕೆ ತಗೊಂಡು ಹೋದಳು. ಹೋಗ್ಲಿ, ಅಂಗಡೀಲೇ ಬುದ್ಧಿ ಬರ್ಲಿ ಅಂತ ನನಗೆ ಒಳಗೊಳಗೇ ಖುಷಿ.

ಅಂಗಡೀಲಿ ಯಜಮಾನರು ಎರಡು ಶೀಷೇನೂ ಗಲ್ಲಾ ಹತ್ರ ಇಟ್ಟು, ಬಂದ ಹೆಂಗಸರ ಮಣಿಕಟ್ಟಿಗೆ ಹಚ್ಚಿಸಿದ್ರು. ನಂದು ಮೂಸಿದವರು "ಚೆನ್ನಾಗಿದೆ" ಅಂದು ಸೀರೆ ನೋಡೋಕೆ ಹೋದ್ರು. ಅವಳದು ಮೂಸಿದ ಒಬ್ಬ ಹುಡುಗಿ ಹುಬ್ಬು ಗಂಟು ಹಾಕಿದಳು. ಇನ್ನೊಂದ್ಸಲ ಮೂಸಿದಳು. "ಮಲ್ಲಿಗೇನೇ, ಆದ್ರೆ ಇನ್ನೇನೋ ಇದೆಯಲ್ಲ, ಏನದು?" ಅಂದಳು. ಸೀರೆ ಮಡಿಕೆ ಬಿಚ್ಚಿ ತೋರಿಸ್ತಿದ್ರೆ ಆ ಹುಡುಗಿ ಕೈ ಮತ್ತೆ ಮೂಗಿಗೆ. ಅವರಮ್ಮ ಆ ಕೈ ಎಳ್ಕೊಂಡು ಮೂಸಿ, ತಮ್ಮ ಮಣಿಕಟ್ಟನ್ನೂ ಚಾಚಿದ್ರು.

ನನಗೆ ಅಲ್ಲೇ ಅರ್ಥವಾಗಿಹೋಯ್ತು. ಚೆನ್ನಾಗಿದೆ ಅಂದ್ಮೇಲೆ ಆ ಸೆಂಟಿನ ಕಥೆ ಮುಗೀತು. ಏನದು ಅಂತ ಕೇಳಿದ್ರೇನೇ ಅದು ಜನರ ಜೊತೆ ಮನೆಗೆ ಹೋಗೋದು. ಎಲ್ಲೋ ಕಂಡಂಗಿರಬೇಕು, ಎಲ್ಲಿ ಅಂತ ನೆನಪಾಗಬಾರದು. ಇಷ್ಟೆಲ್ಲ ಅರ್ಥವಾಗಿ ಏನು ಬಂತು? ಅವಳ ಶೀಷೆ ತಗೊಂಡು ನಾನೂ ಮೂಸಿದೆ. ಬರೀ ಮಲ್ಲಿಗೆ. ಉದ್ದಕ್ಕೆ ಉಸಿರೆಳ್ಕೊಂಡು ಮತ್ತೆ ಮೂಸಿದೆ. ಮಲ್ಲಿಗೆ, ಅಷ್ಟೇ. ಈ ಜನಕ್ಕೆಲ್ಲ ಏನು ಬಂದಿದೆ ಅಂದ್ಕೊಂಡೆ.

ಯಜಮಾನರು ಇನ್ಮೇಲೆ ಅವಳ ಎಣ್ಣೇನೇ ಸಾಕು ಅಂದುಬಿಟ್ರು.

ಹೊಟ್ಟೆಗೆ ಕಿಚ್ಚು ಬೀಳೋದು ಅಂದ್ರೇನು ಅಂತ ನನಗೆ ಆಗ ಗೊತ್ತಾಯ್ತು. ನಿನ್ನೆ ಮೊನ್ನೆ ಬಂದವಳು. ಕಲಿತು ಮಾಡಿದ್ದಿದ್ರೆ ಸಹಿಸ್ಕೊಳ್ತಿದ್ದೆ. ತಪ್ಪು ಮಾಡಿ ಗೆದ್ದಳಲ್ಲ. ಆ ತಪ್ಪು ನನ್ನ ಕೈಲಿ ಏಳು ಜನ್ಮ ಎತ್ತಿದ್ರೂ ಆಗ್ತಿರಲಿಲ್ಲ. ಬೀದಿಯವರು ಹೊಗಳಿದಾಗ, "ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯ್ತು ಬಿಡ್ರಿ" ಅಂತ ಮೂಗು ಮುರಿದೆ. ಅವಳಿಗೆ ಅದೂ ತಾಕಲಿಲ್ಲ. "ಅಕ್ಕ, ಮೊಗ್ಗು ಮಾತ್ರ ನೀವೇ ಆರಿಸ್ಕೊಡಿ, ನಿಮ್ಮ ಮೂಗು ಯಾರಿಗೂ ಬರಲ್ಲ" ಅಂತ ಬುಟ್ಟಿ ತಂದು ಮುಂದಿಟ್ಟಳು. ಉರಿಯೋ ಬೆಂಕಿಗೆ ತುಪ್ಪ ಇನ್ನು ಹೇಗೆ ಹುಯ್ತಾರೆ? ಹಲ್ಲು ಕಚ್ಕೊಂಡು ಆರಿಸ್ಕೊಟ್ಟೆ.

ಮನೇಲಿರೋಕಾಗದೆ ಸೂಲಿಬೆಲೆಗೆ, ಮಗಳ ಮನೆಗೆ ಹೋದೆ. ಅವರದು ಹಸು ಕಟ್ಟಿ ಹಾಲು ಹಾಕೋ ಮನೆ. ಮಗ್ಗ ಇಲ್ಲ, ಗಂಜಿ ಇಲ್ಲ, ಹುಲ್ಲು, ಸಗಣಿ, ಕಾದ ಹಾಲು, ಅಷ್ಟೇ. ಅಲ್ಲೇ ಬಹಳ ದಿನ ಉಳ್ಕೊಂಡೆ.

ಒಂದು ಬೆಳಿಗ್ಗೆ ಒಲೆ ಮುಂದೆ ರೊಟ್ಟಿ ತಟ್ಟುತ್ತಾ ಇದ್ದೆ. ಬೆನ್ನ ಹಿಂದೆ ನಮ್ಮಮ್ಮ ಬಂದು ನಿಂತಂಗಾಯ್ತು. ತೀರ್ಕೊಂಡು ಎಷ್ಟೋ ವರ್ಷ ಆಗಿರೋ ನಮ್ಮಮ್ಮ. ಅವಳ ಸೆರಗು, ಗಂಜಿ ಕಲಸಿದ ಅವಳ ಕೈ, ಮಡಿಲಲ್ಲಿ ಮಲ್ಲಿಗೆ ಮೊಗ್ಗು. ನಾನು ಅವಳ ತೊಡೆ ಮೇಲೆ ಮುಖ ಒತ್ಕೊಂಡು ಮಲಗ್ತಿದ್ದಾಗಿನ ಅದೇ ವಾಸನೆ. ತಿರುಗಿ ನೋಡಿದ್ರೆ ಮಗಳು, ಮಣಿಕಟ್ಟಿಗೆ ಏನೋ ಹಚ್ಕೊಂಡು ಹೊರಗೆ ಹೊರಟಿದ್ದಳು.

"ಯಾವುದೇ ಅದು?"

"ಚಿಕ್ಕಮ್ಮ ಕೊಟ್ಟಿದ್ದು. ಇದು ನಿನ್ನ ವಾಸನೇನೇ ಕಣಮ್ಮ. ನೀನು ಬಂದಾಗಲೆಲ್ಲ ನಿನ್ನ ಸೀರೇಲಿ ಇರುತ್ತೆ, ಎರಡು ದಿನಕ್ಕೆ ಹೋಗ್ಬಿಡುತ್ತೆ. ಅದಕ್ಕೇ ಇಟ್ಕೊಂಡಿದ್ದೀನಿ."

ಹಂಚಿನ ಮೇಲೆ ರೊಟ್ಟಿ ಸೀಯ್ತಿತ್ತು. ಅಲ್ಲಾ, ಇಷ್ಟು ವರ್ಷ ನಾನು ಬಟ್ಟೆ ಒಗೆದು ಒಗೆದು ಚರಂಡಿಗೆ ಚೆಲ್ಲಿದ್ದು ಇದನ್ನೇ, ಈ ಗಂಜಿ ವಾಸನೇನೇ. ಹುಟ್ಟಿದಾಗಿಂದ ಅದರೊಳಗೇ ಇದ್ದ ನನ್ನ ಮೂಗಿಗೆ ಅದು ಸಿಕ್ಕಿರಲೇ ಇಲ್ಲ. ನಮ್ಮಮ್ಮನ್ನ ಕಣ್ಣಲ್ಲೂ ಕಾಣದವಳು ಬಂದು ನಮ್ಮಮ್ಮನ್ನ ಶೀಷೇಲಿ ಹಿಡಿದಿಟ್ಟಳು. ಕಿಚ್ಚು ಆರುತ್ತೆ ಅಂದ್ಕೊಂಡ್ರೆ ಇನ್ನೂ ಜಾಸ್ತಿಯಾಯ್ತು.

"ನನಗೂ ಹಚ್ಚು" ಅಂತ ಹಿಟ್ಟಿನ ಕೈಯನ್ನೇ ಚಾಚಿದೆ.

"ನಿನಗ್ಯಾಕಮ್ಮ ಇದು?" ಅಂತ ಮಗಳು ನಗ್ತಾನೇ ಹಚ್ಚಿದಳು.

ಊರಿಗೆ ವಾಪಸ್ ಹೋದ್ರೆ ಎರಡೇ ದಿನ, ನನ್ನ ಮೂಗು ಮತ್ತೆ ಗಂಜಿಗೆ ಒಗ್ಗಿಹೋಗುತ್ತೆ, ನಮ್ಮಮ್ಮ ಸಿಗಲ್ಲ. ಅದೇ ಮನೇಲಿ, ಪಕ್ಕದ ಕೋಣೇಲಿ, ಹೊರಗಿಂದ ಬಂದ ನನ್ನ ಓರಗಿತ್ತಿಗೆ ದಿನಾ ಸಿಗ್ತಾ ಇರ್ತಾಳೆ.