ಸುರಪುರದ ದಾರಿಯಲ್ಲಿ ಒಂದು ‘ಪರಸೋಂ’

ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುತ್ತಿದ್ದ ಬಸ್ಸಿಗೆ ಆಗ ಹಿತ್ತಾಳೆಯ ಹಾರ್ನು, ಅದರ ತುದಿಗೊಂದು ರಬ್ಬರಿನ ಚೆಂಡು. ಡ್ರೈವರ್ ಚೆಂಡನ್ನು ಹಿಚುಕಿದರೆ ‘ಪೋಂ’ ಎಂದು ಎಮ್ಮೆ ಕರೆದ ಹಾಗೆ ಸದ್ದು. ಈಗಲೂ ಮಧ್ಯಾಹ್ನ ಕಣ್ಣು ಮುಚ್ಚಿ ಕುಳಿತರೆ ಮೊದಲು ಅದು ಕೇಳಿಸುತ್ತದೆ. ಆಮೇಲೆ ಕಾದ ಮರಳಿನ ವಾಸನೆ. ಆಮೇಲೆ ನಿಧಾನವಾಗಿ, ಕನಸಿನಲ್ಲಿ ಬರುವಂತೆ, ಆ ಎರಡು ದಿನಗಳು.

ಹೈದರಾಬಾದ್ ಸಂಸ್ಥಾನ ಭಾರತದೊಳಗೆ ಸೇರಿ ಎರಡನೆಯ ಬೇಸಿಗೆ. ನನಗೆ ಹದಿನಾರು. ಸಿಕಂದರಾಬಾದಿನ ಕಾನ್ವೆಂಟಿನಿಂದ ಸಮ್ಮರ್ ಹಾಲಿಡೇಸ್‌ಗೆ ಯಾದಗಿರಿಗೆ ಬಂದಿದ್ದೆ. ಅಪ್ಪ ಅಲ್ಲಿ ವಕೀಲರು. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲೇ ವಾದಿಸಿ ಹೆಸರು ಮಾಡಿದವರು. ತಲೆ ನರೆಯುವ ಹೊತ್ತಿಗೆ ಕಚೇರಿಗಳಲ್ಲಿ ಇಂಗ್ಲಿಷ್ ಬಂದು ಕುಳಿತಿತ್ತು. ಸುರಪುರದಲ್ಲಿ ಕ್ಯಾಂಪ್ ಮಾಡಿದ್ದ ಹೊಸ ಅಧಿಕಾರಿ ಮದ್ರಾಸಿನ ಕಡೆಯವರು. ಅವರಿಗೆ ಉರ್ದುವೂ ಬಾರದು, ಕನ್ನಡವೂ ಬಾರದು.

“ಶಾಂತಾ, ಸುರಪುರದಾಗ ನೀನ ನನ್ನ ನಾಲಿಗಿ,” ಎಂದರು ಅಪ್ಪ. “ನಾ ಹೇಳಿದ್ದಷ್ಟ ಇಂಗ್ಲಿಷಿನ್ಯಾಗ ಹೇಳು. ನಿಂದೇನೂ ಸೇರಸಬ್ಯಾಡ.”

“ನನಗೇನ್ ಫೀಸು?”

“ಸುರಪುರದ ಗುಡ್ಡ ತೋರಸ್ತೀನಿ, ಬಾ.”

ಮರುದಿನ ಬೆಳಿಗ್ಗೆ ಏಳಕ್ಕೆ ಹೊರಟೆವು. ಶಹಾಪುರದವರೆಗಿನ ಇಪ್ಪತ್ತೆರಡು ಮೈಲಿಗೆ ನಿಜಾಮರ ‘ಹಾಲಿ ಸಿಕ್ಕಾ’ ನಾಣ್ಯದಲ್ಲಿ ಹನ್ನೆರಡು ಆಣೆ ಟಿಕೆಟ್ಟು ಎಂದು ನೆನಪು. ಭೀಮಾ ನದಿಯಲ್ಲಿ ನೀರು ಒಂದು ಕಡೆಗೆ ಸರಿದು ಮಲಗಿತ್ತು. ಬಸ್ಸಿನಲ್ಲಿ ಅಪ್ಪ ಕೇಸಿನ ವಿಷಯ ಹೇಳಿದರು. ಶಹಾಪುರದಲ್ಲಿ ಕೌದಿ ಹೊಲಿದು ಬದುಕುವ ಖೈರುನ್‌ಬಿ ಎಂಬಾಕೆ. ಗಂಡ ಗಲಾಟೆಯ ವರ್ಷದಲ್ಲಿ ಕರಾಚಿಗೆ ಹೋದವನು ಅಲ್ಲೇ ಉಳಿದಿದ್ದ. ಏಳು ವರ್ಷದ ಮಗಳು ನೂರಿ ತಾಯಿಯ ಹತ್ತಿರ ಇದ್ದಳು. ಬಕ್ರೀದ್ ಹಬ್ಬಕ್ಕೆಂದು ಗಂಡನ ತಾಯಿ ಬಂದು ಮೊಮ್ಮಗಳನ್ನು ಸುರಪುರಕ್ಕೆ ಕರೆದುಕೊಂಡು ಹೋದಳು, ಮತ್ತೆ ಕಳಿಸಲಿಲ್ಲ. ಈಗ ಕರಾಚಿಯಿಂದ ಕಾಗದ ಬಂದಿತ್ತು, ಅಜ್ಜಿ ಮೊಮ್ಮಗಳು ಇಬ್ಬರೂ ಹೊರಟು ಬರಬೇಕೆಂದು. ಶುಕ್ರವಾರ ಯಾದಗಿರಿಯಲ್ಲಿ ರೈಲು, ಬೊಂಬಾಯಿಯಲ್ಲಿ ಹಡಗು. ಪರ್ಮಿಟ್ಟಿನ ಕಾಗದಕ್ಕೆ ಆ ಅಧಿಕಾರಿಯ ಸಹಿಯೊಂದೇ ಬಾಕಿ.

“ಹಡಗ ಹತ್ತಿದ್ರ?” ಎಂದೆ.

“ಹತ್ತಿದ್ರ ಮುಗೀತು. ಗಡಿ ಆಚಿಗೆ ನನ್ನ ಕಾಯ್ದೆ ಪುಸ್ತಕಕ್ಕ ರದ್ದಿ ಕಿಮ್ಮತ್ತೂ ಇಲ್ಲ.” ಸ್ವಲ್ಪ ತಡೆದು, “ಹುಡುಗಿ ಎಂಟು ತಿಂಗಳಿಂದ ಅಜ್ಜಿ ಕಡೇನ ಅದಾಳ ಅನ್ನೋದ ನಮ್ಮ ಕೇಸಿನ ಕುಂಟ ಕಾಲು ನೋಡು,” ಎಂದರು.

ಶಹಾಪುರ ಹತ್ತಿರವಾದಂತೆ ಗುಡ್ಡಗಳು ಒಂದಕ್ಕೊಂದು ಕೂಡಿಕೊಂಡು ಅಂಗಾತ ಮಲಗಿದ ಮನುಷ್ಯನಾದವು. ಹಣೆ, ಮೂಗು, ಗದ್ದ, ಏರಿದ ಎದೆ. ನಾನು ಬೆರಗಾಗಿ ನೋಡುವುದನ್ನು ಕಂಡು ಮುಂದಿನ ಸೀಟಿನ ಕುರುಬರ ಮುದುಕ ತಿರುಗಿದ. “ಬುದ್ಧ ಅಂತಾರ್ರಿ ಬಾಯಾರ, ಓದಿದ ಮಂದಿ. ನಮಗಂತೂ ಉಂಡು ಮಲಗಿದಂಗ ಕಾಣ್ತಾನ.”

ಶಹಾಪುರದಲ್ಲಿ ಖೈರುನ್‌ಬಿ ಬಸ್ ಹತ್ತಿದಳು. ಮೂವತ್ತು ದಾಟಿರದ ಹೆಂಗಸು, ಬುರ್ಖಾದ ಮುಸುಕು ಹಿಂದಕ್ಕೆ ಹಾಕಿಕೊಂಡಿದ್ದಳು. ಕಂಕುಳಲ್ಲಿ ಮಡಿಸಿದ ಒಂದು ಸಣ್ಣ ಕೌದಿ.

“ಇಂಥಾ ಬಿಸಲಾಗ ಕೌದಿ ಯಾಕವ್ವಾ?” ಎಂದರು ಅಪ್ಪ.

“ನೂರಿಗ ಇದಿಲ್ದ ನಿದ್ದಿ ಬರಂಗಿಲ್ರಿ ವಕೀಲಸಾಬ್. ತಿರುಗಿ ಬರಾಗ ಬೇಕಾಗ್ತದ.”

ಅಪ್ಪ ಕಿಟಕಿಯ ಆಚೆ ನೋಡತೊಡಗಿದರು. ಖೈರುನ್‌ಬಿ ನನ್ನ ಕೈಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಇಟ್ಟಳು. “ತಿನ್ರಿ ಸಣ್ಣ ಬಾಯಾರ. ಹೊಟ್ಟಿ ತುಂಬಿದ್ರ ಇಂಗ್ಲಿಷ್ ಚಲೋ ಬರ್ತದ.” ನಾನು ನಕ್ಕೆ. ಅವಳೂ ನಕ್ಕಳು, ಆದರೆ ಕೌದಿಯ ಅಂಚನ್ನು ಬೆರಳಿನಿಂದ ಎಣಿಸುವುದನ್ನು ಬಿಡಲಿಲ್ಲ. ಒಂದೊಂದು ಹೊಲಿಗೆಯೂ ಸರಿಯಾಗಿದೆಯೇ ಎಂದು ನೋಡುವವಳ ಹಾಗೆ.

ಸುರಪುರದ ಗುಡ್ಡಗಳ ಮೇಲೆ ದುಂಡಗಿನ ಬಂಡೆಗಳು, ಯಾರೋ ಆಡಿ ಹಾಗೇ ಬಿಟ್ಟುಹೋದಂತೆ. ಆ ರಾತ್ರಿ ಅಪ್ಪನ ಗೆಳೆಯರ ಮನೆಯಲ್ಲಿ ಉಳಿದು, ಬೆಳಿಗ್ಗೆ ಅಧಿಕಾರಿ ಇಳಿದಿದ್ದ ಗುಡ್ಡದ ಬಂಗಲೆಗೆ ಹತ್ತಿದೆವು. ಅಜ್ಜಿ ನಮಗಿಂತ ಮೊದಲೇ ಬಂದು ವರಾಂಡದಲ್ಲಿ ಕುಳಿತಿದ್ದಳು. ಎತ್ತರದ ಹೆಂಗಸು, ಬಿಳಿಯ ಓಢಣಿ. ಮಡಿಲಲ್ಲಿ ನೂರಿ. ಪ್ರಯಾಣಕ್ಕೆಂದು ಅವಳ ಅಂಗೈಗೆ ಮೆಹಂದಿ ಹಚ್ಚಿದ್ದರು. ತಾಯಿಯನ್ನು ಕಂಡು ಮಗು ಎದ್ದಿತು. ಅಜ್ಜಿಯ ಕೈ ಬಿಡದೆ ಎದ್ದಿತು. ಹಾಗೆ ಮಧ್ಯದಲ್ಲಿ ನಿಂತೇ ಇತ್ತು.

“ಎಷ್ಟ ಸೊರಗ್ಯಾಳ,” ಎಂದಳು ಖೈರುನ್‌ಬಿ.

“ನಿನ್ನ ಮನ್ಯಾಗ ಇದ್ದಾಗ ಏನ್ ಆನಿ ಆಗಿದ್ಲೇನ?” ಎಂದಳು ಅಜ್ಜಿ. ಆಮೇಲೆ ಅಪ್ಪನ ಕಡೆ ತಿರುಗಿ, ದನಿ ತಗ್ಗಿಸಿ, “ವಕೀಲಸಾಬ್, ಅಕಿ ಮಾರಿ ನನ್ನ ಮಗನ ಮಾರಿ. ಅವನ ಕೂಸು ಅವಗ ಮುಟ್ಟಿಸಿ ಸಾಯ್ತೀನ್ರಿ,” ಎಂದಳು.

ಅಧಿಕಾರಿ ಸಜ್ಜನರು. ಕುತ್ತಿಗೆ ಒರೆಸಿಕೊಳ್ಳುತ್ತ, ನನಗೆ ಕುರ್ಚಿ ಕೊಟ್ಟು, “ಯೆಸ್, ಯಂಗ್ ಲೇಡಿ?” ಎಂದರು. ಅವರ ಗುಮಾಸ್ತನೂ ಮದ್ರಾಸಿನವನೇ. ಉರ್ದು ಅರ್ಜಿಯನ್ನು ತಲೆಕೆಳಗು ಹಿಡಿದಿದ್ದ. ಅಧಿಕಾರಿಗೆ ಬೇಕಾದದ್ದು ಒಂದೇ ಸಂಗತಿ: ಮಗುವಿನ ವಾಡಿಕೆಯ ವಾಸ ಎಲ್ಲಿ? ಬಹಳ ತಿಂಗಳಿಂದ ಅಜ್ಜಿಯ ಬಳಿ ನೆಲೆಯೂರಿದ್ದರೆ ತಾನು ಕೈ ಹಾಕುವುದಿಲ್ಲ, ಸಹಿ ಮಾಡುತ್ತೇನೆ, ತಾಯಿ ಕೋರ್ಟಿಗೆ ಹೋಗಲಿ. ಈಗಷ್ಟೇ ಕರೆತಂದದ್ದಾದರೆ ಮಾತು ಬೇರೆ. “ಆಸ್ಕ್ ದ ಚೈಲ್ಡ್,” ಎಂದರು. ತಾಯಿಯ ಮನೆಯಿಂದ ಯಾವಾಗ ಬಂದೆ ಎಂದು ಕೇಳಬೇಕು.

ನಾನು ಬಗ್ಗಿ ಕೇಳಿದೆ. “ನೂರಿ, ಅಮ್ಮೀ ಕೇ ಘರ್ ಸೇ ಕಬ್ ಆಯೀ?”

ಮಗು ತಾಯಿಯನ್ನು ನೋಡಿತು, ಅಜ್ಜಿಯನ್ನು ನೋಡಿತು. “ಪರಸೋಂ,” ಎಂದಿತು.

ಕಾನ್ವೆಂಟಿನ ಉರ್ದು ಮುನ್ಷಿ ನಮಗೆ ಬಾಯಿಪಾಠ ಮಾಡಿಸಿದ್ದರು: ಕಲ್ ಅಂದರೆ ನಿನ್ನೆ, ಪರಸೋಂ ಅಂದರೆ ಮೊನ್ನೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, “ಡೇ ಬಿಫೋರ್ ಯೆಸ್ಟರ್‌ಡೇ, ಸರ್,” ಎಂದೆ.

ಅಪ್ಪ ಬಾಯಿ ತೆರೆದರು. ಮುಚ್ಚಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಬಹಳ ಹೊತ್ತು ಒರೆಸಿದರು.

“ಓನ್ಲಿ ಟೂ ಡೇಸ್!” ಎಂದರು ಅಧಿಕಾರಿ. ಹಾಗಾದರೆ ಕಷ್ಟವೇನಿಲ್ಲ, ಮಗು ಬಂದ ಮನೆಗೇ ಹೋಗಲಿ. ಪರ್ಮಿಟ್ಟಿನಲ್ಲಿ ನೂರಿಯ ಹೆಸರಿನ ಮೇಲೆ ಒಂದು ಗೀಟು ಎಳೆದರು. ಅಜ್ಜಿಯ ಹೆಸರು ಉಳಿಯಿತು. ಕೆಂಪು ಶಾಯಿಯ ಮೇಲೆ ಗುಮಾಸ್ತ ಬ್ಲಾಟಿಂಗ್ ಕಾಗದ ಒತ್ತಿದ.

ಏನಾಯಿತೆಂದು ಅಜ್ಜಿಗೆ ಅಪ್ಪನೇ ಹೇಳಿದರು. ಅವಳು ಅಳಲಿಲ್ಲ. ನೂರಿಯ ಬಟ್ಟೆಗಳಿದ್ದ ಗಂಟನ್ನು ಖೈರುನ್‌ಬಿಯ ಮುಂದೆ ಇಟ್ಟು, “ತಲಿಗಿ ಎಣ್ಣಿ ಹಚ್ಚಿದ್ರ ಅಳ್ತಾಳ. ಕಥಿ ಹೇಳಕೋತ ಹಚ್ಚು,” ಎಂದಳು. ನಾವು ಇಳಿಯುವಾಗ ತಿರುಗಿ ನೋಡಿದೆ. ವರಾಂಡದ ಕಂಬ ಯಾವುದು, ಅವಳು ಯಾವುದು, ಬಿಸಿಲಿಗೆ ತಿಳಿಯಲಿಲ್ಲ.

ಸಂಜೆಯ ಬಸ್ಸು ಹೊರಟು ಊರು ದಾಟಿದ ಮೇಲೆ ಅಪ್ಪ ನಗತೊಡಗಿದರು. ಭುಜ ಕುಣಿಯುವ ಹಾಗೆ, ಸದ್ದಿಲ್ಲದೆ.

“ಪರಸೋಂ ಅಂದ್ರ ಮೊನ್ನೆ ಅಂದಿಯಲ್ಲವಾ ಹುಚ್ಚಿ! ನಮ್ಮ ಸೀಮ್ಯಾಗ ಆಗಿಹೋದದ್ದೆಲ್ಲಾ ಪರಸೋಂನ. ನಿಜಾಮ ಪಟ್ಟಕ್ಕೆ ಕುಂತದ್ದೂ ಪರಸೋಂ, ನನ್ನ ಲಗ್ನ ಆದದ್ದೂ ಪರಸೋಂ.”

ನಾನು ಸೀಟಿನಿಂದ ಎದ್ದೆ. “ನೀವ್ಯಾಕ ಹೇಳಲಿಲ್ಲ, ಅಪ್ಪಾ? ಬಸ್ ನಿಲ್ಲಸ್ರಿ. ನಾ ಹೋಗಿ ಸಾರಿ ಹೇಳ್ತೀನಿ. ಐ ಟೋಲ್ಡ್ ಎ ಲೈ.”

ಅಪ್ಪನ ನಗು ನಿಂತಿತು. “ಸುಳ್ಳು ನೀ ಹೇಳಲಿಲ್ಲ. ಸುಮ್ಮನಿದ್ದಾಂವ ನಾನು,” ಎಂದರು. “ಅಲ್ಲಿ ನೋಡು.”

ಮುಂದಿನ ಸೀಟಿನಲ್ಲಿ ನೂರಿ ಕೌದಿಯೊಳಗೆ ಮುಖ ಹುದುಗಿಸಿ ಮಲಗಿದ್ದಳು. ಖೈರುನ್‌ಬಿಯ ಕೈ ಅವಳ ಬೆನ್ನಿನ ಮೇಲೆ ಏರುತ್ತ ಇಳಿಯುತ್ತ ಇತ್ತು. ನಾನು ಬಸ್ ನಿಲ್ಲಿಸಲಿಲ್ಲ.

ಮೊನ್ನೆ (ನಾನೂ ಈಗ ಹಾಗೇ ಹೇಳುತ್ತೇನೆ, ಇದು ಹೋದ ವರ್ಷದ ಮಾತು) ನನ್ನ ತಂಗಿಯ ಮೊಮ್ಮಗಳು, ಲಾ ಓದುವವಳು, ತನ್ನ ಪುಸ್ತಕವನ್ನು ನನ್ನ ಮುಂದೆ ಜೋರಾಗಿ ಓದುತ್ತಿದ್ದಳು. ತಂದೆ ತಾಯಿ ಎರಡು ದೇಶಗಳಲ್ಲಿದ್ದು, ಒಬ್ಬರು ಮಗುವನ್ನು ಗಡಿ ದಾಟಿಸಿದರೆ ಏನು ಮಾಡಬೇಕೆಂದು ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆಯಂತೆ. ಮಗುವಿನ ವಾಡಿಕೆಯ ವಾಸ ಎಲ್ಲಿ ಎಂಬುದೇ ಅಲ್ಲೂ ಮೊದಲ ಪ್ರಶ್ನೆ. ನನಗೆ ಆ ಬಂಗಲೆಯ ಕುರ್ಚಿ ನೆನಪಾಯಿತು. ಒಂದು ವರ್ಷದೊಳಗೆ ದೂರು ಕೊಟ್ಟರೆ ಸಾಮಾನ್ಯವಾಗಿ ಮಗುವನ್ನು ಮರಳಿಸಲೇಬೇಕಂತೆ. ವರ್ಷ ಕಳೆದು ಮಗು ಹೊಸ ಜಾಗಕ್ಕೆ ಹೊಂದಿಕೊಂಡಿದ್ದರೆ ವಿಚಾರ ಬೇರೆ.

“ಎಂಟು ತಿಂಗಳಾಗಿದ್ದರೆ?” ಎಂದು ಕೇಳಿದೆ.

“ವರ್ಷದೊಳಗೇ ಆಯಿತಲ್ಲ ಅಜ್ಜಿ, ತಾಯಿಯ ಹತ್ತಿರ ವಾಪಸ್. ಆದರೆ ನಮ್ಮ ದೇಶ ಇದಕ್ಕೆ ಇನ್ನೂ ಸೇರಿಲ್ಲ.”

ಎಂಟು ತಿಂಗಳು ಎಂದು ನಿಜವನ್ನೇ ಹೇಳಿಯೂ ಗೆಲ್ಲಬಹುದಾದ ಕಾಯ್ದೆ ಎಲ್ಲೋ ಇದೆ ಎಂದು ಕೇಳಿ ಹಗುರವಾದೆ. ಅವಳು ಪುಟ ತಿರುಗಿಸಿದಳು. ತಿಳಿವಳಿಕೆ ಬಂದ ಮಗುವಾದರೆ ಅದರ ಮನಸ್ಸನ್ನೂ ಕೇಳಬೇಕು ಎಂದಿತ್ತು. ಮತ್ತೆ ಭಾರವಾಯಿತು. ನೂರಿಯನ್ನು ನಾವು ಕೇಳಿದ್ದು ಯಾವಾಗ ಬಂದೆ ಎಂದು ಮಾತ್ರ. ನಿನಗೆ ಎಲ್ಲಿರಬೇಕು ಎಂದು ನಾನು ಕೇಳಬಹುದಿತ್ತು. ಅವಳ ಭಾಷೆ ಆಡುವ ನಾಲಿಗೆ ನನಗಿತ್ತು. ನನ್ನದೇನೂ ಸೇರಿಸಬಾರದೆಂದು ಸುಮ್ಮನಿದ್ದೆ.

ಆ ದಿನ ಶಹಾಪುರ ಬಂದಾಗ ಹೊತ್ತು ಇಳಿದಿತ್ತು. ಮಲಗಿದ ಮನುಷ್ಯನ ಮೂಗಿನ ತುದಿಯಲ್ಲಿ ಮಾತ್ರ ಬೆಳಕು. ಖೈರುನ್‌ಬಿ ಗಂಟು, ಕೌದಿ, ಮಗಳನ್ನು ಒಟ್ಟಿಗೆ ಎತ್ತಿಕೊಂಡು ಇಳಿದಳು. ಅಪ್ಪನಿಗೆ ಸಲಾಂ ಮಾಡಿದಳು. ನನ್ನ ಗದ್ದ ಮುಟ್ಟಿ, “ನಿಮ್ಮ ಇಂಗ್ಲಿಷಿಗೆ ಅಲ್ಲಾ ಬರಕತ್ ಕೊಡ್ಲಿ,” ಎಂದಳು.

ನೂರಿ ಕಣ್ಣು ಉಜ್ಜಿಕೊಳ್ಳುತ್ತ ಕಿಟಕಿಯ ಕೆಳಗೆ ಬಂದು ನಿಂತಳು. ಮೆಹಂದಿಯ ಕೈ ಮೇಲೆತ್ತಿ ಸರಳು ಹಿಡಿದಳು.

“ಬಾಜೀ, ದಾದೀಮಾ ಕಬ್ ಆತೀಂ?”

ಅಜ್ಜಿ ಯಾವಾಗ ಬರುತ್ತಾಳೆ? ಶುಕ್ರವಾರ ರೈಲು. ಆಮೇಲೆ ಹಡಗು. ಡ್ರೈವರ್ ರಬ್ಬರಿನ ಚೆಂಡಿಗೆ ಕೈ ಹಾಕಿದ್ದ. ನಾಡಿದ್ದಿಗೂ ಮುನ್ಷಿ ಅದೇ ಪದವನ್ನು ಕಲಿಸಿದ್ದರು.

“ಪರಸೋಂ,” ಎಂದೆ.

ನೂರಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ಪದ ಎಷ್ಟು ಉದ್ದದ್ದೆಂದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸರಳು ಬಿಟ್ಟು, ತಾಯಿಯ ಬುರ್ಖಾದ ತುದಿ ಹಿಡಿದು, ತಿರುಗದೆ ನಡೆದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.