ಜಾರ್ಜಿಯಾದಿಂದ ಬಂದ ದ್ರಾಕ್ಷಿ ಕೋಲು

ಎಂಬತ್ತರ ದಶಕದ ನಡುವಿನಲ್ಲಿ ಅಪ್ಪನನ್ನು ಅವನ ಕಾರ್ಖಾನೆಯವರು ಆರು ತಿಂಗಳ ತರಬೇತಿಗೆಂದು ಸೋವಿಯತ್ ದೇಶದ ಜಾರ್ಜಿಯಾಕ್ಕೆ ಕಳಿಸಿದ್ದರು. ಅವನು ಬಸವೇಶ್ವರನಗರದ ನಮ್ಮ ಮನೆಗೆ ಮರಳಿದ ದಿನ ಸೂಟ್‌ಕೇಸಿನ ಮುಂದೆ ಮೊದಲು ಕೂತವಳು ನಾನು. ಆಗ ನನಗೆ ಹತ್ತು ವರ್ಷ. ಯಾರ ಚೀಲವನ್ನಾದರೂ ಸರಿ, ಬಿಚ್ಚಿ ನೋಡದೆ ನನಗೆ ಸಮಾಧಾನವಿರುತ್ತಿರಲಿಲ್ಲ. ಉಣ್ಣೆ ಟೋಪಿಯ ಕೆಳಗೆ, ಪೇಪರಿನಲ್ಲಿ ಸುತ್ತಿದ ಎರಡು ಕಂದು ಕೋಲುಗಳು ಸಿಕ್ಕವು. ಗೇಣುದ್ದ, ಮೈಯೆಲ್ಲ ಉಬ್ಬುತಗ್ಗು, ತುದಿಯಲ್ಲಿ ದಾರ.

"ಚುರ್ಚ್‌ಖೇಲಾ ಅಂತ. ಅಕ್ರೋಟನ್ನ ದಾರಕ್ಕೆ ಪೋಣಿಸಿ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸ್ತಾರೆ. ಅಲ್ಲಿ ಪಕ್ಕದ ಮನೆ ಅಜ್ಜಿ ಕೊಟ್ಟಿದ್ದು" ಎಂದ ಅಪ್ಪ.

ನಮ್ಮಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. ದಾವಣಗೆರೆ ಕಡೆಯವಳು, ಲಿಂಗಪೂಜೆಯಾಗದೆ ನೀರೂ ಮುಟ್ಟದವಳು. ಪರದೇಶದವರು ಕರುಳಿನೊಳಗೆ ಮಾಂಸ ತುರುಕಿ ಒಣಗಿಸುತ್ತಾರೆಂದು ಯಾರೋ ಅವಳ ಕಿವಿಗೆ ಹಾಕಿದ್ದರು.

"ದ್ರಾಕ್ಷಿ ಹಿಂಗಿರ್ತತೇನೋ? ಕರುಳಿದ್ದಂಗೈತಿ. ಹೊರಗಿಡು."

ಕೋಲುಗಳು ವರಾಂಡದ ಮೀಟರ್ ಬೋರ್ಡಿನ ಮೇಲೆ ಹೋಗಿ ಕೂತವು. ಅಷ್ಟಕ್ಕೇ ಮುಗಿದಿದ್ದರೆ ಸರಿ. ದಿನಾ ಮಗನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ ಅಜ್ಜಿ, ಅಂದಿನಿಂದ ಅವನ ಊಟವಾದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣತೊಡಗಿದಳು. ಮಗ ಅಲ್ಲಿ ಇಂಥದ್ದನ್ನೇ ತಿಂದು ಬಂದಿದ್ದಾನೆಂದು ಅವಳಿಗೆ ಗುಮಾನಿ. ಅಪ್ಪನ ಸಪ್ಪೆ ಮುಖ ನೋಡಿ ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನನಗೆ ಬುದ್ಧಿ ಹೇಳುವವಳು ಇವಳೇ, ಮುಟ್ಟಿಯೂ ನೋಡದೆ ತೀರ್ಪು ಕೊಟ್ಟವಳೂ ಇವಳೇ.

ಸರಿ, ನಾನೇ ಮಾಡಿ ತೋರಿಸುತ್ತೇನೆ ಎಂದು ಹೊರಟೆ. ಅಮ್ಮ ಮಾರೇನಹಳ್ಳಿ ಮಾರುಕಟ್ಟೆಯಿಂದ ಕಪ್ಪು ದ್ರಾಕ್ಷಿ ತಂದು ರಸ ಹಿಂಡಿಕೊಟ್ಟಳು. ಅಕ್ರೋಟು ಎಲ್ಲೂ ಸಿಗಲಿಲ್ಲ. ಗೋಡಂಬಿಯನ್ನೇ ಸೂಜಿದಾರದಲ್ಲಿ ಪೋಣಿಸಿದೆ. ಅರ್ಧಕ್ಕರ್ಧ ಒಡೆದು ನನ್ನ ಬಾಯಿಗೆ ಹೋದವು. ಅಪ್ಪ ಹೇಳಿದಂತೆ ರಸಕ್ಕೆ ಹಿಟ್ಟು ಬೇಕಲ್ಲ, ಕುದಿಯುವಾಗಲೇ ಮೈದಾ ಸುರಿದೆ. ಗಂಟೋ ಗಂಟು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ.

"ಕುದಿಯೋದಕ್ಕೆ ಹಿಟ್ಟು ಸುರೀತಾರೇನೇ? ತಣ್ಣನ್ನ ರಸದಾಗ ಮೊದ್ಲು ಕದಡಬೇಕು. ಸರಿ ಅತ್ಲಾಗೆ."

ಸೌಟು ಅವಳ ಕೈಗೆ ಹೋಯಿತು. ಉಳಿದ ರಸ ಅಂಬಲಿಯಷ್ಟು ಗಟ್ಟಿಯಾದಾಗ ದಾರವನ್ನು ತಾನೇ ಅದ್ದಿ, ಹಿತ್ತಲಿನ ಬಟ್ಟೆ ತಂತಿಗೆ ಕಟ್ಟಿದಳು. ಮರುದಿನ ಮತ್ತೆ ಅದ್ದಿದಳು. "ಆ ಮುದುಕಿ ಎಷ್ಟು ಸಲ ಅದ್ದತಿದ್ಲಂತೆ, ಕೇಳು. ಸಕ್ಕರಿ ಹಾಕಂಗಿಲ್ಲೇನು, ಕೇಳು." ಅಪ್ಪ ಅಲ್ಲೇ ಪೇಪರು ಓದುತ್ತಾ ಕೂತಿರುತ್ತಿದ್ದ. ಆದರೂ ಪ್ರಶ್ನೆ, ಉತ್ತರ ಎರಡನ್ನೂ ನಾನೇ ಸಾಗಿಸಬೇಕಿತ್ತು.

ವಾರ ಕಳೆದು ನಮ್ಮ ಕೋಲು ಒಣಗಿತು. ಕಂದು ಬಣ್ಣ, ಉಬ್ಬುತಗ್ಗು, ಥೇಟ್ ಕರುಳು! ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕುಬಿಟ್ಟಳು. ಮೀಟರ್ ಬೋರ್ಡಿನ ಮೇಲಿದ್ದುದನ್ನು ತರಿಸಿ, ಈಳಿಗೆಮಣೆಯಲ್ಲಿ ಕೊಯ್ದು, ಒಂದು ಚೂರು ಬಾಯಿಗೆ ಹಾಕಿಕೊಂಡಳು.

"ಆಕಿದೇ ಚಲೋ ಐತಿ. ನಮ್ದು ಹಲ್ಲಿಗೆ ಅಂಟ್ತತಿ."

ಅಂದು ಮಧ್ಯಾಹ್ನ ಅವಳು ಅಪ್ಪನ ಪಕ್ಕದಲ್ಲಿ ತನ್ನ ತಟ್ಟೆ ಇಟ್ಟುಕೊಂಡು ಕೂತಳು. ಎಲ್ಲ ನನ್ನಿಂದಲೇ ಆಯಿತೆಂದು ನಾನು ಬೀಗುತ್ತಿದ್ದೆ.

ಅಪ್ಪ ಅನ್ನಕ್ಕೆ ಕೈ ಹಾಕಲಿಲ್ಲ. "ಅವ್ವಾ, ಈ ಸಿಹಿಯಲ್ಲಿ ಏನೂ ಇರ್ಲಿಲ್ಲ. ಆದ್ರೆ ಅಲ್ಲಿ ಹಿಮ ಬಿದ್ದಾಗ ಎರಡು ದಿನ ಬರೀ ಬ್ರೆಡ್ಡಲ್ಲೇ ಕಳೆದಿದ್ದೆ. ಮೂರನೇ ದಿನ ಮಾಂಸದ ಸೂಪು ಕುಡಿದೆ. ಗೊತ್ತಿದ್ದೇ ಕುಡಿದೆ."

ನನಗೋ, ರುಚಿ ಹೇಗಿತ್ತು ಎಂದು ಕೇಳುವ ಆಸೆ. ನಾಲಿಗೆ ಕಚ್ಚಿಕೊಂಡೆ. ಅಜ್ಜಿ ಈಗ ತಟ್ಟೆ ಬಿಟ್ಟು ಏಳುತ್ತಾಳೆ ಎಂದುಕೊಂಡೆ. ಅವಳು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದುಕೊಂಡಳು. ಆಮೇಲೆ ಮಗನ ಕಡೆ ತಿರುಗಿದಳು.

"ಅವತ್ತಾದ್ರೂ ಹೊಟ್ಟಿ ತುಂಬ್ತೇನೋ, ಮಗಾ?"